ನಿಲ್ಲಿಸೋದಾದ್ರೆ ರೇಟು ಇಳಿಸಿ ಸ್ವಾಮಿ!

ಬೆಂಗಳೂರಿನ ಹೊಸ ತಿಂಡಿ ಹೋಟೆಲುಗಳ ಗೋಡೆ ನೋಡಿದ್ದೀರಾ? ಒಂದು ಕಡೆ ಯಕ್ಷಗಾನದ ಕಿರೀಟ, ಇನ್ನೊಂದು ಕಡೆ ಹಂಪಿಯ ಕಲ್ಲಿನ ರಥ, ಮಧ್ಯೆ ಬೇಂದ್ರೆ, ಕುವೆಂಪು. ಕೆಳಗೆ ಜನ ಕಂಕುಳಲ್ಲಿ ಹೆಲ್ಮೆಟ್ಟು ಸಿಕ್ಕಿಸಿಕೊಂಡು, ಒಂದು ಕೈಯಲ್ಲಿ ತಟ್ಟೆ ಹಿಡಿದು, ತುಪ್ಪ ಸುರಿಯೋ ದೋಸೆ ತಿಂತಾ ನಿಂತಿರ್ತಾರೆ. ಕೂರೋಕೆ ಜಾಗ ಇಲ್ಲ. ಇದನ್ನೇ ‘ನಮ್ಮ ಸಂಸ್ಕೃತಿ’ ಅಂತ ಮಾರ್ತಾರಲ್ಲ, ನನ್ನ ತಕರಾರು ಅಲ್ಲೇ.

ನಿಂತು ತಿನ್ನೋದರ ಮೇಲೆ ನನಗೇನೂ ಸಿಟ್ಟಿಲ್ಲ. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಶುರುವಾಯ್ತು. ಆಮೇಲೆ ಊರ ತುಂಬಾ ದರ್ಶಿನಿಗಳೇ. ಅದೊಂದು ನ್ಯಾಯವಾದ ಒಪ್ಪಂದ. ಕುರ್ಚಿ ಇಲ್ಲ, ಸಪ್ಲೈಯರ್ ಇಲ್ಲ, ಟಿಪ್ಸೂ ಇಲ್ಲ. ಟೋಕನ್ ತಗೋ, ಕೌಂಟರಿಗೆ ಕೊಡು, ಇಡ್ಲಿ-ವಡೆ ತಿಂದು ಹೊರಡು. ಸಣ್ಣ ಜಾಗದಲ್ಲಿ ನೂರಾರು ಗಿರಾಕಿ ಬಂದು ಹೋಗೋದರಿಂದ ರೇಟು ಕಮ್ಮಿ. ನಾವು ಕಾಲು ನೋಯಿಸಿಕೊಳ್ತೀವಿ, ಅವರು ಕಾಸು ಬಿಡ್ತಾರೆ. ಆಟೋದವರು, ಪೀಜಿ ಹುಡುಗರು ಎಲ್ಲರ ಹೊಟ್ಟೆ ತುಂಬಿದ್ದು ಹಾಗೆ. ಆ ದರ್ಶಿನಿಗಳ ಗೋಡೆ ಮೇಲೆ ಇದ್ದದ್ದು ರೇಟಿನ ಬೋರ್ಡು ಮಾತ್ರ. ಸಂಸ್ಕೃತಿ ಅಂತ ಅವರು ಯಾವತ್ತೂ ಬಾಯಿ ಬಿಡಲಿಲ್ಲ.

ಈಗ ನೋಡಿ. ಒಪ್ಪಂದದಲ್ಲಿ ನಮ್ಮ ಪಾಲು, ಅಂದ್ರೆ ಕಾಲುನೋವು, ಹಾಗೇ ಇದೆ. ಅವರ ಪಾಲು ಮಾಯ! ಬಿಲ್ಲು ಮಾತ್ರ ಕೂರಿಸಿ ಬಡಿಸೋ ಹೋಟೆಲಿನಷ್ಟೇ. ಹೋದ ತಿಂಗಳು ಅಂಥದ್ದೊಂದು ಕಡೆ ಅಪ್ಪನ್ನ ಕರ್ಕೊಂಡು ಹೋಗಿದ್ದೆ. ಮಂಡಿನೋವಿನ ಮನುಷ್ಯ. ಕೂರೋಕೆ ಏನಾದ್ರೂ ಇದೆಯಾ ಅಂತ ಕೇಳಿದ್ದಕ್ಕೆ ಹುಡುಗ ಹೊರಗಿನ ಮೆಟ್ಟಿಲು ತೋರಿಸಿದ. ಗೋಡೆ ಮೇಲೆ ಒಲೆ ಮುಂದೆ ಕೂತ ಅಜ್ಜಿಯ ದೊಡ್ಡ ಚಿತ್ರ. ಇಡೀ ಅಂಗಡಿಯಲ್ಲಿ ಕೂತಿದ್ದವಳು ಅವಳೊಬ್ಬಳೇ.

‘ಕೂರಿಸಿದ್ರೆ ಜನ ಏಳೋದೇ ಇಲ್ಲ ಸಾರ್, ಬಾಡಿಗೆ ಯಾರು ಕಟ್ಟೋದು?’ ಅಂತಾರೆ. ಬಾಡಿಗೆ ಹೆಚ್ಚು, ಒಪ್ಪಿದೆ. ಆದ್ರೆ ಗಾಂಧಿ ಬಜಾರಿನ ವಿದ್ಯಾರ್ಥಿ ಭವನದಲ್ಲೂ ಗೋಡೆ ಮೇಲೆ ಸಾಹಿತಿಗಳ ಚಿತ್ರ ಇದೆಯಲ್ಲ. 1943ರ ಹೋಟೆಲು. ಭಾನುವಾರ ಹೊರಗೆ ಕಾಯಿಸ್ತಾರೆ ನಿಜ, ಆದ್ರೆ ಒಳಗೆ ಹೋದ ಮೇಲೆ ಕೂರಿಸ್ತಾರೆ. ಸಪ್ಲೈಯರ್ ಒಂದೇ ತೋಳಿನ ಮೇಲೆ ದೋಸೆ ತಟ್ಟೆಗಳನ್ನ ಗೋಪುರದ ಹಾಗೆ ಪೇರಿಸಿಕೊಂಡು ಬರೋದು ನೋಡೋಕೇ ಚೆಂದ. (ಗೋಡೆಯ ಚಿತ್ರಗಳಿಗಿಂತ ನನಗೆ ಆ ಕಲೆಯೇ ಇಷ್ಟ!) ಅಲ್ಲಿನ ಗೋಡೆ ನೋಡಿ ‘ಸಾಹಿತಿಗಳೂ ಇಲ್ಲಿ ಬಂದು ಕೂತಿದ್ರು’ ಅಂತ ಹೇಳಬಹುದು. ಹೊಸಬರ ಗೋಡೆ ಮೇಲಿನ ಬೇಂದ್ರೆ ಕೆಳಗಿಳಿದು ಬಂದ್ರೆ ಅವರಿಗೂ ಮೆಟ್ಟಿಲೇ ಗತಿ.

ಇಂಡಿಯಾ ಕಾಫಿ ಹೌಸ್ ಕಥೆ ಗೊತ್ತಲ್ಲ? 1957ರಲ್ಲಿ ಕಾಫಿ ಬೋರ್ಡು ಕೈಬಿಟ್ಟ ಮೇಲೆ ಕೆಲಸಗಾರರೇ ಸಹಕಾರ ಸಂಘ ಕಟ್ಟಿಕೊಂಡು ನಡೆಸಿದ್ದು. ಎಂ.ಜಿ. ರೋಡಿನಲ್ಲಿ ಒಂದು ಕಪ್ ಕಾಫಿಗೆ ಗಂಟೆಗಟ್ಟಲೆ ಹರಟಿದರೂ ಯಾರೂ ಏಳಿ ಅಂತಿರಲಿಲ್ಲ. 2009ರಲ್ಲಿ ಆ ಜಾಗ ಬಿಟ್ಟು ಚರ್ಚ್ ಸ್ಟ್ರೀಟಿಗೆ ಹೋಗಬೇಕಾಯ್ತು, ಆದ್ರೂ ಅಲ್ಲಿಗೆ ಕುರ್ಚಿಗಳನ್ನ ತಗೊಂಡೇ ಹೋದ್ರು.

ನಾನು ಸೋಫಾ ಕೇಳ್ತಿಲ್ಲ ಮಾರಾಯ್ರೇ. ವಯಸ್ಸಾದವರಿಗೆ, ಬಸುರಿಯರಿಗೆ ಮೂಲೆಯಲ್ಲಿ ನಾಲ್ಕು ಪ್ಲಾಸ್ಟಿಕ್ ಸ್ಟೂಲು. ಅದೂ ಆಗಲ್ಲ ಅಂದ್ರೆ ದೋಸೆಗೆ ಇಪ್ಪತ್ತು ರೂಪಾಯಿ ಇಳಿಸಿ, ಬೇಂದ್ರೆ ಅಜ್ಜನ್ನ ಗೋಡೆಯಿಂದ ಇಳಿಸಿ. ಜಾಸ್ತಿ ಆಯ್ತಾ? ನೀವೇ ಹೇಳಿ.