ಕಾವಲು ಕಣ್ಣುಗಳ ಮೇಲೆ ಕಾವಲು ಯಾರದು?

2021ರ ಮೇ ತಿಂಗಳು. ಲಾಕ್‌ಡೌನಿನ ದಿನಗಳು. ಹೈದರಾಬಾದಿನ ಸಾಮಾಜಿಕ ಕಾರ್ಯಕರ್ತ ಎಸ್.ಕ್ಯೂ. ಮಸೂದ್‌ರನ್ನು ಪೊಲೀಸರು ರಸ್ತೆಯಲ್ಲಿ ತಡೆದು ಮಾಸ್ಕ್ ತೆಗೆಯುವಂತೆ ಸೂಚಿಸಿದರು. ಅವರು ನಿರಾಕರಿಸಿದರೂ ಫೋಟೋ ತೆಗೆದುಕೊಂಡರು. ಸೋಂಕಿನ ಭೀತಿಯಿಂದ ಸರಕಾರವೇ ಕಡ್ಡಾಯಗೊಳಿಸಿದ್ದ ಮಾಸ್ಕನ್ನು ಸರಕಾರದ ಪೊಲೀಸರೇ ತೆಗೆಯ ಹೇಳಿದ್ದೇಕೆ? ಆ ಫೋಟೋ ಎಲ್ಲಿಗೆ ಹೋಯಿತು? ಅದನ್ನು ಎಷ್ಟು ಕಾಲ ಇಟ್ಟುಕೊಳ್ಳುತ್ತಾರೆ? ಇವು ಮಸೂದ್‌ರ ಪ್ರಶ್ನೆಗಳಾಗಿದ್ದವು. ಅವರು ಹೈಕೋರ್ಟಿನ ಮೆಟ್ಟಲೇರಿದರು. 2022ರ ಜನವರಿಯಲ್ಲಿ ತೆಲಂಗಾಣ ಹೈಕೋರ್ಟು ರಾಜ್ಯ ಸರಕಾರಕ್ಕೆ ನೋಟೀಸು ನೀಡಿತು.

ಇದನ್ನು ಒಬ್ಬ ವ್ಯಕ್ತಿಯ ಫೋಟೋದ ಪ್ರಶ್ನೆಯೆಂದು ನಾವು ತಳ್ಳಿಹಾಕುವಂತಿಲ್ಲ. ತೆಲಂಗಾಣದ ಪೊಲೀಸರ ಮೊಬೈಲ್ ಆ್ಯಪ್‌ಗೆ ಮುಖ ಗುರುತಿಸುವ ತಂತ್ರಜ್ಞಾನವನ್ನು 2018ರಲ್ಲಿಯೇ ಸೇರಿಸಲಾಗಿತ್ತು. ದಾರಿಹೋಕನ ಮುಖವನ್ನು ಅಪರಾಧಿಗಳ ಕಡತದೊಂದಿಗೆ ತಾಳೆ ನೋಡಲು ಠಾಣೆಗೆ ಕರೆದೊಯ್ಯಬೇಕಾಗಿಲ್ಲ, ರಸ್ತೆಯೇ ಸಾಕು. ನಮ್ಮ ಬೆಂಗಳೂರೂ ಹಿಂದುಳಿದಿಲ್ಲ. ಮಹಿಳೆಯರ ಸುರಕ್ಷೆಗೆಂದು ಮೀಸಲಾದ ನಿರ್ಭಯಾ ನಿಧಿಯಿಂದ 'ಸೇಫ್ ಸಿಟಿ' ಯೋಜನೆಯಡಿ ಏಳು ಸಾವಿರಕ್ಕೂ ಹೆಚ್ಚು ಕ್ಯಾಮರಾಗಳು ಇಲ್ಲಿ ಕಣ್ಣು ತೆರೆದಿವೆ.

ಸುರಕ್ಷೆಯನ್ನು ಬೇಡವೆನ್ನುವವರು ಯಾರೂ ಇಲ್ಲ. ಕಳ್ಳತನವಾದಾಗ, ಅಪಘಾತವಾದಾಗ ಕ್ಯಾಮರಾ ನೆರವಿಗೆ ಬಂದುದನ್ನು ನಾವೂ ಕಂಡಿದ್ದೇವೆ. ಆದರೆ ನಡೆದ ಅಪರಾಧದ ದೃಶ್ಯವನ್ನು ದಾಖಲಿಸುವ ಯಂತ್ರ ಬೇರೆ, ಅಪರಾಧವನ್ನೇ ಮಾಡದ ಲಕ್ಷಾಂತರ ಜನರ ಮುಖವನ್ನು ಅಳೆದು ಅವರಲ್ಲಿ ಆರೋಪಿಯನ್ನು ಹುಡುಕುವ ಯಂತ್ರ ಬೇರೆ. ಮೊದಲನೆಯದರಲ್ಲಿ ಸಂಶಯಕ್ಕೊಂದು ಕಾರಣವಿರುತ್ತದೆ. ಎರಡನೆಯದರಲ್ಲಿ ಎಲ್ಲರೂ ಸಂಶಯಿತರೇ.

ಯಂತ್ರ ತಪ್ಪು ಮಾಡುವುದಿಲ್ಲ ಎಂಬುದು ಇನ್ನೊಂದು ಭ್ರಮೆ. ಕಾಣೆಯಾದ ಮಕ್ಕಳನ್ನು ಹುಡುಕಲು ಬಳಸುತ್ತಿದ್ದ ಈ ತಂತ್ರಜ್ಞಾನದ ನಿಖರತೆ ಕೇವಲ ಶೇ. 2 ಎಂದು 2018ರಲ್ಲಿ ದೆಹಲಿ ಪೊಲೀಸರೇ ಹೈಕೋರ್ಟಿಗೆ ತಿಳಿಸಿದ್ದರು. ಬಳಿಕ 2022ರಲ್ಲಿ ಮಾಹಿತಿ ಹಕ್ಕಿನಡಿ ನೀಡಿದ ಉತ್ತರದಲ್ಲಿ, ಎರಡು ಮುಖಗಳ ನಡುವೆ ಶೇ. 80ಕ್ಕಿಂತ ಹೆಚ್ಚು ಸಾಮ್ಯವಿದ್ದರೆ ಅದನ್ನು ಸರಿಯಾದ ಹೋಲಿಕೆಯೆಂದು ಪರಿಗಣಿಸುವುದಾಗಿ ಹೇಳಿದರು. ಅಣ್ಣ ತಮ್ಮಂದಿರ ಮುಖಗಳೇ ಒಂದನ್ನೊಂದು ಹೋಲುವಾಗ, ಗಡ್ಡ ಟೊಪ್ಪಿಗಳು ಬೆರೆತ ಜನಸಂದಣಿಯ ಮಸುಕು ದೃಶ್ಯದಲ್ಲಿ ಈ ಅಳತೆಗೋಲನ್ನು ನಂಬಿ ಯುವಕನೊಬ್ಬನನ್ನು ಜೈಲಿಗಟ್ಟಬಹುದೇ? ಅಮೇರಿಕದ ಡೆಟ್ರಾಯಿಟ್‌ನಲ್ಲಿ 2020ರ ಜನವರಿಯಲ್ಲಿ ಯಂತ್ರದ ತಪ್ಪು ಹೋಲಿಕೆಯನ್ನು ನಂಬಿದ ಪೊಲೀಸರು ನಿರಪರಾಧಿ ಕರಿಯನೊಬ್ಬನನ್ನು ಅವನ ಮಕ್ಕಳೆದುರೇ ಬಂಧಿಸಿದರು. ಆ ಪ್ರಕರಣ ಇತ್ಯರ್ಥವಾದುದು 2024ರಲ್ಲಿ.

2020ರ ಫೆಬ್ರವರಿಯಲ್ಲಿ ಈಶಾನ್ಯ ದೆಹಲಿ ಹೊತ್ತಿ ಉರಿಯಿತು. ಮರು ತಿಂಗಳೇ ಗೃಹ ಸಚಿವ ಅಮಿತ್ ಶಾ, ಮತದಾರರ ಗುರುತಿನ ಚೀಟಿ ಮತ್ತು ಚಾಲನಾ ಪರವಾನಗಿಗಳ ಮಾಹಿತಿಯನ್ನು ಮುಖ ಗುರುತಿಸುವ ಸಾಫ್ಟ್‌ವೇರ್‌ಗೆ ತುಂಬಿ 1,100ಕ್ಕೂ ಹೆಚ್ಚು ಮಂದಿಯನ್ನು ಪತ್ತೆಹಚ್ಚಿರುವುದಾಗಿ ಲೋಕಸಭೆಯಲ್ಲಿ ಹೇಳಿದರು. ಸಾಫ್ಟ್‌ವೇರ್ ಧರ್ಮವನ್ನು ನೋಡುವುದಿಲ್ಲ, ಬಟ್ಟೆಯನ್ನು ನೋಡುವುದಿಲ್ಲ ಎಂದೂ ಸಮರ್ಥಿಸಿದರು. ಮತ ಚಲಾಯಿಸಲೆಂದು ಕೊಟ್ಟ ಭಾವಚಿತ್ರವನ್ನು ಪೊಲೀಸ್ ತನಿಖೆಗೆ ಬಳಸಲು ಮತದಾರನ ಒಪ್ಪಿಗೆ ಕೇಳಿದವರು ಯಾರು ಎಂಬ ಪ್ರಶ್ನೆ ಹಾಗೆಯೇ ಉಳಿಯಿತು.

ಸಾಫ್ಟ್‌ವೇರ್ ಧರ್ಮ ನೋಡುವುದಿಲ್ಲ, ಒಪ್ಪೋಣ. ಆದರೆ ಕ್ಯಾಮರಾವನ್ನು ಯಾವ ಬೀದಿಯಲ್ಲಿ ನೆಡಬೇಕೆಂದು ನಿರ್ಧರಿಸುವವನು ಮನುಷ್ಯನಲ್ಲವೇ? ದೆಹಲಿಯಲ್ಲಿ ಠಾಣೆಗಳು ದಟ್ಟವಾಗಿರುವ ಕಡೆ ಮುಸ್ಲಿಮರ ಜನಸಂಖ್ಯೆಯೂ ಹೆಚ್ಚಿರುವುದರಿಂದ ಈ ತಂತ್ರಜ್ಞಾನದ ಹೊಡೆತ ಅವರ ಮೇಲೆಯೇ ಹೆಚ್ಚು ಬೀಳುವ ಸಂಭವವಿದೆಯೆಂದು ವಿಧಿ ಸೆಂಟರ್ ಫಾರ್ ಲೀಗಲ್ ಪಾಲಿಸಿ ಸಂಸ್ಥೆಯ 2021ರ ಅಧ್ಯಯನ ಎಚ್ಚರಿಸಿತ್ತು.

ಬ್ರಿಟನ್ನಿನ ಬರ್ಮಿಂಗ್‌ಹ್ಯಾಮಿನಲ್ಲಿ ನಡೆದುದನ್ನು ಇಲ್ಲಿ ನೆನೆಯಬೇಕು. ಮುಸ್ಲಿಮರು ಬಹುಸಂಖ್ಯೆಯಲ್ಲಿರುವ ಸ್ಪಾರ್ಕ್‌ಬ್ರೂಕ್ ಮತ್ತು ವಾಶ್‌ವುಡ್ ಹೀತ್ ಪ್ರದೇಶಗಳಲ್ಲಿ 2010ರಲ್ಲಿ ಸುಮಾರು 218 ಕ್ಯಾಮರಾಗಳನ್ನು ಅಳವಡಿಸಲಾಯಿತು. ಅವುಗಳಲ್ಲಿ ಹಲವು ಯಾರಿಗೂ ಕಾಣದಂತೆ ಅಡಗಿಸಿದವು. ಅಪರಾಧ ತಡೆಗೆ ಎಂದು ನಿವಾಸಿಗಳಿಗೆ ಹೇಳಲಾಗಿತ್ತು. ಆದರೆ ಹಣ ಬಂದುದು ಭಯೋತ್ಪಾದನಾ ನಿಗ್ರಹ ನಿಧಿಯಿಂದ. ಸತ್ಯ ಬಯಲಾದಾಗ ಅಲ್ಲಿನ ಜನರು ಕಲ್ಲೆತ್ತಿಕೊಳ್ಳಲಿಲ್ಲ. ಸಭೆ ಸೇರಿದರು, ದಾಖಲೆ ಕೇಳಿದರು, ನೆರೆಹೊರೆಯ ಮುಸ್ಲಿಮೇತರರನ್ನೂ ಜೊತೆಗೂಡಿಸಿಕೊಂಡರು. ಬೇರೊಂದು ಪೊಲೀಸ್ ಪಡೆಯಿಂದ ತನಿಖೆಯಾಯಿತು, ಪೊಲೀಸ್ ಮುಖ್ಯಸ್ಥರು ಕ್ಷಮೆ ಯಾಚಿಸಿದರು, 2011ರಲ್ಲಿ ಕಂಬಗಳನ್ನು ಕಿತ್ತೊಯ್ಯಲಾಯಿತು.

'ತಪ್ಪು ಮಾಡದವನಿಗೆ ಭಯವೇಕೆ?' ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಯನ್ನು ಮೊದಲು ಪೊಲೀಸ್ ಠಾಣೆಗಳಿಗೇ ಕೇಳಬೇಕಾಗಿದೆ. ಕಸ್ಟಡಿ ಹಿಂಸೆಯನ್ನು ತಡೆಯಲು ದೇಶದ ಪ್ರತಿಯೊಂದು ಠಾಣೆಯಲ್ಲೂ ಸಿಸಿಟಿವಿ ಅಳವಡಿಸಬೇಕೆಂದು 2020ರ ಡಿಸೆಂಬರ್‌ನಲ್ಲಿ ಸುಪ್ರೀಮ್ ಕೋರ್ಟು ಆದೇಶಿಸಿತ್ತು. ಐದು ವರ್ಷಗಳ ಬಳಿಕ, 2025ರ ಸೆಪ್ಟೆಂಬರ್‌ನಲ್ಲಿ, ಠಾಣೆಗಳಲ್ಲಿ ಕೆಲಸ ಮಾಡುವ ಕ್ಯಾಮರಾಗಳಿಲ್ಲವೆಂದು ಅದೇ ಕೋರ್ಟು ಸ್ವಯಂಪ್ರೇರಿತವಾಗಿ ಪ್ರಕರಣ ದಾಖಲಿಸಿಕೊಳ್ಳಬೇಕಾಯಿತು. ಬೀದಿಯಲ್ಲಿ ನಡೆಯುವ ಪ್ರಜೆಯನ್ನು ಹಗಲಿರುಳು ನೋಡಲು ಹಣವಿದೆ, ತಂತ್ರಜ್ಞಾನವಿದೆ. ಲಾಕಪ್ಪಿನಲ್ಲಿ ಹೊಡೆತ ತಿನ್ನುವವನನ್ನು ನೋಡಲು ಮಾತ್ರ ಕ್ಯಾಮರಾ ಕೆಟ್ಟಿರುತ್ತದೆ. ಇದಕ್ಕಿಂತ ದೊಡ್ಡ ವಿಪರ್ಯಾಸವಿದೆಯೇ?

ಖಾಸಗಿತನ ಮೂಲಭೂತ ಹಕ್ಕೆಂದು 2017ರ ಆಗಸ್ಟ್ 24ರಂದು ಸುಪ್ರೀಮ್ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠ ಸಾರಿದೆ. ಆ ಹಕ್ಕನ್ನು ಮೊಟಕುಗೊಳಿಸಬೇಕಾದರೆ ಕಾನೂನು ಇರಬೇಕು, ನ್ಯಾಯಯುತ ಉದ್ದೇಶವಿರಬೇಕು, ಕ್ರಮವು ಉದ್ದೇಶಕ್ಕೆ ತಕ್ಕಷ್ಟೇ ಇರಬೇಕು. ಬೀದಿಯಲ್ಲಿ ಮುಖ ಗುರುತಿಸುವ ಪೊಲೀಸರ ಅಧಿಕಾರಕ್ಕೆ ಮಿತಿ ಹಾಕುವ ಪ್ರತ್ಯೇಕ ಕಾನೂನನ್ನು ಸಂಸತ್ತು ರಚಿಸಿಲ್ಲ. ಬದಲಿಗೆ 2022ರ ಕ್ರಿಮಿನಲ್ ಪ್ರಕ್ರಿಯೆ (ಗುರುತಿಸುವಿಕೆ) ಕಾಯ್ದೆಯು ಬಂಧಿತರ ದೇಹದ ಅಳತೆಗಳನ್ನು 75 ವರ್ಷ ಕಾಯ್ದಿರಿಸಲು ಅವಕಾಶ ನೀಡಿದರೆ, 2023ರ ದತ್ತಾಂಶ ಸಂರಕ್ಷಣಾ ಕಾಯ್ದೆಯು ಅಪರಾಧ ತಡೆ ಮತ್ತು ತನಿಖೆಯ ಹೆಸರಲ್ಲಿ ವಿಶಾಲ ವಿನಾಯಿತಿಯನ್ನು ದಯಪಾಲಿಸಿದೆ.

ಇನ್ನು ನಾವು ನಮ್ಮನ್ನೂ ಕೇಳಿಕೊಳ್ಳಬೇಕು. ನಮ್ಮ ಮೊಹಲ್ಲಾಗಳಲ್ಲಿ ಶಾಲೆಗೆ ಗ್ರಂಥಾಲಯ ಕಟ್ಟಲು ಚಂದಾ ಎತ್ತುವಾಗ ಹಿಂಜರಿಯುವವರು, ಅಧಿಕಾರಿಗಳ ಮೆಚ್ಚುಗೆಗಾಗಿ ಕ್ಯಾಮರಾ ಕೊಡಿಸುವಾಗ ಮುಂದೆ ಬರುತ್ತಾರೆ. ಆ ದೃಶ್ಯಗಳು ಯಾರ ಕೈಸೇರುತ್ತವೆಂದು ಜಮಾಅತಿನ ಸಭೆಯಲ್ಲಿ ಎಂದಾದರೂ ಚರ್ಚೆಯಾಗಿದೆಯೇ? ಇತರರ ಗುಟ್ಟನ್ನು ಕೆದಕುವುದನ್ನು ಕುರ್‌ಆನಿನ ಅಲ್ ಹುಜುರಾತ್ ಅಧ್ಯಾಯ ಸ್ಪಷ್ಟವಾಗಿ ನಿಷೇಧಿಸಿದೆ. ಆದರೆ ಯಾವ ಹುಡುಗಿ ಯಾರೊಂದಿಗೆ ಮಾತಾಡಿದಳೆಂದು ಮೊಬೈಲಿನಲ್ಲಿ ಸೆರೆಹಿಡಿದು ಹಂಚುವ ಯುವಕರು ನಮ್ಮಲ್ಲೂ ಇದ್ದಾರೆ. ಇದನ್ನು ಸಹಿಸಿಕೊಂಡ ಸಮಾಜಕ್ಕೆ ಪೊಲೀಸರ ಬೇಹುಗಾರಿಕೆಯನ್ನು ಪ್ರಶ್ನಿಸುವ ನೈತಿಕ ಬಲ ಎಲ್ಲಿಂದ ಬರಬೇಕು?

ನಮ್ಮ ಬೇಡಿಕೆಗಳು ಅತಿಯಾದವೇನಲ್ಲ. ಕಾನೂನು ರಚನೆಯಾಗುವವರೆಗೆ ಮುಖ ಗುರುತಿಸುವ ಯಂತ್ರಗಳು ಸ್ಥಗಿತಗೊಳ್ಳಲಿ. ಎಷ್ಟು ಕ್ಯಾಮರಾಗಳಿವೆ, ಎಷ್ಟು ಹೋಲಿಕೆಗಳು ತಪ್ಪಾದವು ಎಂಬುದನ್ನು ಪ್ರತಿ ವರ್ಷ ವಿಧಾನಮಂಡಲದ ಮುಂದಿಡಲಿ. ಯಂತ್ರದ ಹೋಲಿಕೆಯೊಂದನ್ನೇ ಆಧರಿಸಿ ಯಾರನ್ನೂ ಬಂಧಿಸದಿರಲಿ. ಬೀದಿಯ ಕ್ಯಾಮರಾಕ್ಕಿಂತ ಮೊದಲು ಠಾಣೆಯ ಕ್ಯಾಮರಾ ದುರಸ್ತಿಯಾಗಲಿ. ಇದು ಮುಸ್ಲಿಮರಿಗಾಗಿ ಮಾತ್ರ ಕೇಳುವ ವಿನಾಯಿತಿಯಲ್ಲ. ಇಂದು ನಮ್ಮ ಗಲ್ಲಿಯತ್ತ ತಿರುಗಿರುವ ಕಣ್ಣು ನಾಳೆ ಪ್ರತಿಭಟನೆಗಿಳಿದ ರೈತನತ್ತ, ಕಾರ್ಮಿಕನತ್ತ, ವಿದ್ಯಾರ್ಥಿಯತ್ತ ತಿರುಗಲು ಹೊಸ ಕಂಬವನ್ನೇನೂ ನೆಡಬೇಕಾಗಿಲ್ಲ. ಆದ್ದರಿಂದ ಮಸೂದ್ ಎತ್ತಿದ ಪ್ರಶ್ನೆಗೆ ಉತ್ತರ ಕೇಳುವ ಹೊಣೆ ಎಲ್ಲರದು.