ಕುಸಿದ ಅಂಗಳಕ್ಕೆ ಸಿಮೆಂಟಿನ ತೇಪೆ ಬೇಡ

ಮಳೆಗಾಲ ಮುಗಿದೊಡನೆ ಬೆಳೆಗಾರರ ಕಣ್ಣು ಅಂಗಳದ ಮೇಲೆ ಬೀಳುತ್ತದೆ. ಕಾಂಕ್ರೀಟು ಕಣದ ಒಂದು ಮೂಲೆ ಕುಸಿದಿರುತ್ತದೆ. ಜಗಲಿಯ ಪಕ್ಕದ ಹಾಸು ಗೋಡೆಯ ಕಡೆಗೆ ವಾಲಿರುತ್ತದೆ. ಕೊಯ್ಲು ಹತ್ತಿರ ಬಂತೆಂದು ಗಾರೆಯವನನ್ನು ಕರೆಸಿ, ತಗ್ಗಿಗೆ ನಾಲ್ಕು ಬುಟ್ಟಿ ಸಿಮೆಂಟು ಸುರಿಸಿ ಸುಮ್ಮನಾಗುತ್ತೇವೆ. ಮುಂದಿನ ವರ್ಷ ಅದೇ ತಗ್ಗು, ಅದೇ ಖರ್ಚು. ಈ ಪದ್ಧತಿಯನ್ನು ಬಿಡಬೇಕೆಂಬುದು ನಮ್ಮ ಅಭಿಪ್ರಾಯ.

ಈ ವಿಷಯದಲ್ಲಿ ಬಾಗಲಕೋಟೆ ಸೀಮೆಯಿಂದ ನಾವು ಕಲಿಯುವುದಿದೆ. ಅಲ್ಲಿ ಕಾಫಿ ತೋಟವಿಲ್ಲ, ನಮ್ಮಷ್ಟು ಮಳೆಯೂ ಇಲ್ಲ. ಆದರೆ ನೆಲದ ಗುಣ ಅಲ್ಲಿ ಕಣ್ಣಿಗೆ ಕಟ್ಟಿದಂತೆ ಕಾಣುತ್ತದೆ. ಬಾದಾಮಿಯ ಮರಳುಗಲ್ಲಿನ ಮೇಲೆ, ಇಳಕಲ್ಲಿನ ಕೆಂಪು ಗ್ರಾನೈಟಿನ ಮೇಲೆ ಹಾಕಿದ ಹಾಸು ಅಲುಗುವುದಿಲ್ಲ. ಅದನ್ನೇ ಹುನಗುಂದದ ಎರೆಭೂಮಿಯ ಮೇಲೆ ನೇರವಾಗಿ ಹಾಕಿದರೆ ಮಳೆಗೆ ಉಬ್ಬಿ, ಬೇಸಿಗೆಗೆ ಕುಸಿದು ಸೀಳುತ್ತದೆ. ಎರೆಮಣ್ಣು ನೀರು ಕುಡಿದರೆ ಹಿಗ್ಗುತ್ತದೆ, ಒಣಗಿದರೆ ಕುಗ್ಗುತ್ತದೆ.

ಮಲಪ್ರಭಾ ಯೋಜನೆಯ ಕಾಲುವೆಗಳಿಗೂ ಈ ಮಣ್ಣೇ ತೊಡಕಾಯಿತು. ಮುಂಬಯಿ ಐ.ಐ.ಟಿ.ಯ ಪ್ರೊ. ಆರ್. ಕೆ. ಕಟ್ಟಿಯವರು 1970ರ ದಶಕದಲ್ಲಿ ತೋರಿಸಿಕೊಟ್ಟ ಉಪಾಯವೆಂದರೆ, ಎರೆಮಣ್ಣಿಗೂ ಕಾಲುವೆಯ ಹಾಸಿಗೂ ನಡುವೆ ಹಿಗ್ಗದ ಅಂಟುಮಣ್ಣಿನ ಪದರವನ್ನು ಕೊಡುವುದು. ಅಂದರೆ ಮದ್ದು ಬೇಕಾದದ್ದು ಹಾಸಿನ ಅಡಿಗೆ.

ನಮ್ಮ ಕೆಂಪುಮಣ್ಣು ಅಷ್ಟು ಹಿಗ್ಗುವುದಿಲ್ಲ, ನಿಜ. ಆದರೆ ಗುಡ್ಡ ಕಡಿದ ಮಣ್ಣನ್ನು ತಗ್ಗಿಗೆ ತುಂಬಿ, ದಮ್ಮಸ್ಸು ಮಾಡದೆ ಕಣ ಕಟ್ಟಿರುತ್ತೇವೆ. ಅಡಿಯಲ್ಲಿ ಹೂತ ಮರದ ಬುಡ ಕೊಳೆಯುತ್ತದೆ, ಹೆಗ್ಗಣ ಬಿಲ ತೋಡುತ್ತದೆ, ಮಾಡಿನ ನೀರು ಅಂಚಿನಲ್ಲಿ ಬಿದ್ದು ಮಣ್ಣನ್ನು ಕೊಚ್ಚಿಕೊಂಡು ಹೋಗುತ್ತದೆ. ಅಡಿ ಪೊಳ್ಳಾದ ಮೇಲೆ ಮೇಲಿನ ತೇಪೆ ಹೊರೆಯನ್ನಷ್ಟೇ ಹೆಚ್ಚಿಸುತ್ತದೆ.

ಆದ್ದರಿಂದ ಮೊದಲ ಕೆಲಸ ನೀರಿಗೆ ದಾರಿ ಮಾಡುವುದು. ಮಾಡಿಗೆ ದೋಣಿ, ಅಂಗಳದ ಅಂಚಿಗೆ ಚರಂಡಿ ಆಗಲಿ. ಹಾಸು ಒಡೆಯದೆ ಬರಿದೇ ಇಳಿದಿದ್ದರೆ ತೂತು ಕೊರೆದು, ಸಿಮೆಂಟು ಮಿಶ್ರಣವನ್ನು ಒತ್ತಡದಿಂದ ತುಂಬಿ ಎತ್ತಬಹುದು. ಅದಕ್ಕೆ ಯಂತ್ರವೂ ತಿಳಿದವರೂ ಬೇಕು. ಒಡೆದಿದ್ದರೆ ಆ ಭಾಗವನ್ನು ತೆಗೆದು, ಗಟ್ಟಿ ನೆಲ ಸಿಗುವವರೆಗೆ ಅಗೆದು, ಗರಸನ್ನು 6 ಅಂಗುಲದ ಪದರಗಳಲ್ಲಿ ನೀರು ಚಿಮುಕಿಸಿ ದಮ್ಮಸ್ಸು ಮಾಡತಕ್ಕದ್ದು. ಹೊಸ ಹಾಸಿಗೆ 10 ಅಡಿಗೆ 2 ಅಂಗುಲದಷ್ಟು ಇಳಿಜಾರು ಮನೆಯಿಂದ ಹೊರಕ್ಕೆ ಇರಲಿ. ಕನಿಷ್ಠ 7 ದಿನ ನೀರುಣಿಸಬೇಕು.

ಇಷ್ಟೆಲ್ಲ ಖರ್ಚು ಯಾರಿಗೆ ಸಾಧ್ಯವೆಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಆದರೆ ತಗ್ಗಿನಲ್ಲಿ ನೀರು ನಿಂತರೆ ಕಾಫಿಗೂ ಅಡಿಕೆಗೂ ಬೂಷ್ಟು ಹಿಡಿಯುತ್ತದೆ. ಗೋಡೆಯ ಕಡೆಗೆ ವಾಲಿದ ಹಾಸು ಪಾಯಕ್ಕೇ ನೀರುಣಿಸುತ್ತದೆ. ಮನೆಯ ಹಿರಿಯರು ಎಡವಿ ಬಿದ್ದರೆ ಆ ನಷ್ಟಕ್ಕೆ ಲೆಕ್ಕವೇ ಇಲ್ಲ. ಇದನ್ನು ಒಬ್ಬೊಬ್ಬರ ತಲೆಗೆ ಬಿಡದೆ ಸಂಘವೇ ಕೈಹಾಕಬೇಕು. ಹೊಸ ಕಣಕ್ಕೆ ಸಾಲವೆಂದರೆ ಮುಂದಾಗುವ ನಾವು ಚರಂಡಿಗೂ ದುರಸ್ತಿಗೂ ಸಣ್ಣ ಸಾಲ ಕೊಡುವುದು ಲೇಸು. ಒಂದು ದಮ್ಮಸ್ಸು ಯಂತ್ರವನ್ನು ಕೊಂಡು ಸದಸ್ಯರಿಗೆ ಸರದಿಯಂತೆ ಬಾಡಿಗೆಗೆ ಕೊಟ್ಟರೆ ಇನ್ನೂ ಲೇಸು. ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಈ ಮಾತು ಚರ್ಚೆಗೆ ಬರಲೆಂದು ನಮ್ಮ ವಿನಂತಿ.