ಕಾಯಕ ಚಿಂತನ: ಮರ ಕಡೆಯುವ ಕೈ



ಕಾಯಕದ ಮಹಿಮೆಯನ್ನು ಕುರಿತು ನಾವು ಕೇಳದ ಉಪನ್ಯಾಸವಿಲ್ಲ. ಬಸವ ಜಯಂತಿಯ ವೇದಿಕೆಯಲ್ಲಿ, ಶ್ರಾವಣದ ಪ್ರವಚನದಲ್ಲಿ, ಮಠದ ಜಾತ್ರೆಯಲ್ಲಿ ಆ ಮಾತು ವರ್ಷವಿಡೀ ಕಿವಿಗೆ ಬೀಳುತ್ತಲೇ ಇರುತ್ತದೆ. ನುಲಿಯ ಚಂದಯ್ಯನವರು ಹಗ್ಗ ಹೊಸೆದರು, ಮೇದಾರ ಕೇತಯ್ಯನವರು ಬಿದಿರಿನ ಬುಟ್ಟಿ ಹೆಣೆದರು, ಬಾಚಿಕಾಯಕದ ಬಸವಯ್ಯನವರ ಹೆಸರಿನೊಡನೆ ಬಡಗಿಯ ಬಾಚಿಯೇ ಸೇರಿಕೊಂಡಿತು ಎಂದು ಕೇಳಿ ತಲೆದೂಗುತ್ತೇವೆ. ಆದರೆ ಸಭೆ ಮುಗಿಸಿ ಮನೆಗೆ ಮರಳಿದ ನಮ್ಮಲ್ಲಿ ಎಷ್ಟು ಜನರ ಕೈಗೆ ಒಂದು ಉಳಿಯನ್ನು ಹಿಡಿಯುವ ರೀತಿ ತಿಳಿದಿದೆ? ನಮ್ಮ ಮಕ್ಕಳು ಓದಿನಲ್ಲಿ ಮುಂದಿದ್ದಾರೆ, ಅದು ಸಂತೋಷವೇ. ಆದರೆ ಕೈಯಿಂದ ಒಂದು ವಸ್ತುವನ್ನು ಮಾಡಿ ನೋಡದೆ ಬೆಳೆದವರಿಗೆ ಕಾಯಕವೆಂಬುದು ಭಾಷಣದ ಪದವಾಗಿ ಉಳಿಯುವ ಭಯವಿದೆ. ಆದ್ದರಿಂದ ಈ ತಿಂಗಳು ತತ್ತ್ವಕ್ಕಿಂತ ಮಿಗಿಲಾಗಿ ಒಂದು ಕೈಕೆಲಸದ ಮೊದಲ ಪಾಠಗಳನ್ನೇ ನಿಮ್ಮ ಮುಂದಿಡುತ್ತೇವೆ. ಅದು ಲೇತ್ ಯಂತ್ರದ ಮೇಲೆ ಮರವನ್ನು ಕಡೆಯುವ ಕೆಲಸ.

ಕಡೆಯುವುದು ಎಂಬ ಕ್ರಿಯೆ ನಮ್ಮ ಮನೆಗಳಿಗೆ ಹೊಸತಲ್ಲ. ಮೊಸರು ಕಡೆಯುವ ಕಡೆಗೋಲು, ಚಪಾತಿಯ ಲಟ್ಟಣಿಗೆ, ಮಕ್ಕಳ ಬುಗುರಿ, ಬಾಣಂತಿಯ ಕೋಣೆಯ ತೊಟ್ಟಿಲಿನ ದುಂಡು ಕಾಲುಗಳು, ಇವೆಲ್ಲ ಕಡೆತದ ಕೆಲಸದಿಂದಲೇ ರೂಪುಗೊಂಡವು. ಕಲ್ಲಿಗೂ ನಮ್ಮ ನಾಡಿನ ಶಿಲ್ಪಿಗಳು ಈ ವಿದ್ಯೆಯನ್ನು ಅನ್ವಯಿಸಿದ್ದರು. ಕೊಪ್ಪಳ ಜಿಲ್ಲೆಯ ಇಟಗಿಯಲ್ಲಿ 1112ರಲ್ಲಿ ಕಟ್ಟಿದ ಮಹಾದೇವ ದೇವಾಲಯದ ಕಂಬಗಳ ದುಂಡು ಬಳೆಗಳನ್ನು ನೋಡಿದವರಿಗೆ, ಶರಣರು ಬಾಳಿದ ಆ ಹನ್ನೆರಡನೆಯ ಶತಮಾನದಲ್ಲಿ ತಿರುಗಣೆಯ ಕೆಲಸ ಎಷ್ಟು ಎತ್ತರಕ್ಕೇರಿತ್ತೆಂಬುದು ವಿದಿತವಾಗುತ್ತದೆ.

ಇಂದು ಈ ಕಲೆಯ ಹೆಸರೆತ್ತಿದೊಡನೆ ನೆನಪಾಗುವ ಊರು ಚನ್ನಪಟ್ಟಣ. ಬೆಂಗಳೂರಿನಿಂದ ಮೈಸೂರಿನ ಹಾದಿಯಲ್ಲಿ ಸುಮಾರು 60 ಕಿಲೋಮೀಟರು ದೂರದ ಈ ಊರಿನ ಬೊಂಬೆಗಳಿಗೆ ಭೌಗೋಳಿಕ ಸೂಚಿಯ ಮನ್ನಣೆಯೂ ದೊರೆತಿದೆ. ಟಿಪ್ಪು ಸುಲ್ತಾನನ ಕಾಲದಲ್ಲಿ ಪರ್ಷಿಯಾದ ಕುಶಲಿಗಳಿಂದ ಇಲ್ಲಿಯವರು ಈ ವಿದ್ಯೆ ಕಲಿತರೆಂಬ ಐತಿಹ್ಯವಿದೆ. ಹಲವಾರು ಮುಸ್ಲಿಂ ಕುಟುಂಬಗಳು, ಅವರೊಡನೆ ಇತರ ಸಮುದಾಯಗಳವರು, ಸ್ತ್ರೀಯರು ಈ ಕೆಲಸವನ್ನು ನಂಬಿ ಬಾಳುತ್ತಿದ್ದಾರೆ. ಕಾಯಕಕ್ಕೆ ಕುಲವಿಲ್ಲವೆಂದ ಶರಣರ ನುಡಿಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಈಗ ಯಂತ್ರದ ಪರಿಚಯ. ಲೇತ್ ಎಂದರೆ ಎರಡು ತುದಿಗಳ ನಡುವೆ ಮರದ ತುಂಡನ್ನು ಅಡ್ಡಲಾಗಿ ಬಿಗಿಹಿಡಿದು ತಿರುಗಿಸುವ ಸಾಧನ. ಒಂದು ತುದಿಯನ್ನು ಮೋಟಾರು ತಿರುಗಿಸುತ್ತದೆ, ಇನ್ನೊಂದು ತುದಿ ಆಧಾರವಾಗಿ ನಿಲ್ಲುತ್ತದೆ. ಇವೆರಡರ ಮುಂದೆ ಉಳಿಯನ್ನು ಊರಿಕೊಳ್ಳಲು ಕಬ್ಬಿಣದ ಒಂದು ಆಸರೆ ಇರುತ್ತದೆ. ಬಡಗಿಯ ಉಳಿಗೆಲಸದಲ್ಲಿ ಮರ ನಿಂತಿರುತ್ತದೆ, ಉಳಿ ಚಲಿಸುತ್ತದೆ. ಇಲ್ಲಿ ಮರವೇ ತಿರುಗುತ್ತದೆ, ಉಳಿ ಸಾವಧಾನವಾಗಿ ಅದನ್ನು ಸೋಕುತ್ತದೆ. ಈ ವ್ಯತ್ಯಾಸವನ್ನು ಮನಗಾಣುವುದೇ ಮೊದಲ ಪಾಠ. ಬಲ ಕೊಡುವುದು ಯಂತ್ರದ ಪಾಲು. ನಮ್ಮ ಪಾಲಿನದು ಸಂಯಮ.

ಮರದ ಆಯ್ಕೆಯಲ್ಲಿ ಹೊಸಬರು ಅವಸರ ಪಡಬಾರದು. ಚನ್ನಪಟ್ಟಣದವರು ಹಾಲೆ ಮರವನ್ನು ಆರಿಸಿಕೊಂಡದ್ದು ಸುಮ್ಮನೆ ಅಲ್ಲ. ಅದು ಬಿಳಿಯದು, ಮೃದುವಾದದ್ದು, ಎಳೆಗಳು ಒತ್ತಾಗಿರುವಂಥದು. ಉಳಿಗೆ ಸುಲಭವಾಗಿ ಒಗ್ಗುತ್ತದೆ. ಅದು ಸಿಗದ ಕಡೆ ಸಿಲ್ವರ್ ಓಕ್ ಮರದ ತುಂಡುಗಳಲ್ಲಿಯೂ ಅಭ್ಯಾಸ ಮಾಡಬಹುದು. ಮರ ಚೆನ್ನಾಗಿ ಒಣಗಿರಬೇಕು. ಹಸಿ ಮರದಲ್ಲಿ ಮಾಡಿದ ವಸ್ತು ಒಣಗುತ್ತ ಬಂದಂತೆ ಸೊಟ್ಟಗಾಗುತ್ತದೆ, ಸೀಳುತ್ತದೆ. ಗಂಟು, ಬಿರುಕು, ಹಳೆಯ ಮೊಳೆ ಇರುವ ತುಂಡನ್ನು ಮುಟ್ಟಲೇಬಾರದು. ತಿರುಗುವಾಗ ಅದು ಸಿಡಿದರೆ ಅಪಾಯ ಖಂಡಿತ.

ಸುರಕ್ಷತೆಯ ಮಾತನ್ನು ಕೆಲಸಕ್ಕಿಂತ ಮೊದಲೇ ಹೇಳಬೇಕು. ತಿರುಗುವ ಯಂತ್ರ ದಾರದ ತುದಿಯೊಂದು ಸಿಕ್ಕರೂ ಕ್ಷಣದಲ್ಲಿ ಸುತ್ತಿಕೊಂಡು ಎಳೆದುಬಿಡುತ್ತದೆ. ಹೆಗಲ ವಸ್ತ್ರ, ಜೋಲುವ ತೋಳು, ಸೀರೆಯ ಸೆರಗು, ಬಿಚ್ಚಿದ ಜಡೆ, ಬಳೆ, ಉಂಗುರ, ಕೈಗಡಿಯಾರ ಇವು ಯಂತ್ರದ ಬಳಿ ಸಲ್ಲವು. ಕೈಗವಸನ್ನೂ ಹಾಕಬಾರದು. ಲಿಂಗಧಾರಿಗಳು ಇನ್ನೊಂದನ್ನು ವಿಶೇಷವಾಗಿ ಗಮನಿಸಬೇಕು: ಶಿವದಾರವನ್ನೂ ಕರಡಿಗೆಯನ್ನೂ ಮೈಗೊತ್ತಿದ ಬನಿಯನ್ನಿನ ಒಳಗೆ ಭದ್ರವಾಗಿ ಇರಿಸಿಕೊಂಡು, ಮೇಲೆ ಕೊರಳವರೆಗೆ ಗುಂಡಿ ಹಾಕಿದ ಅಂಗಿ ತೊಡಬೇಕು. ಎದೆಯ ಮೇಲಿನ ಇಷ್ಟಲಿಂಗವನ್ನು ಕಾಪಾಡಿಕೊಳ್ಳುವುದೂ ಭಕ್ತಿಯ ಒಂದು ಅಂಗವೇ. ಮುಖಕ್ಕೆ ಪಾರದರ್ಶಕ ಕವಚ, ಮೂಗಿಗೆ ಧೂಳು ತಡೆಯುವ ಮುಸುಕು ಇರಲಿ. ಮಕ್ಕಳು ಬಲ್ಲವರ ಎದುರಿನಲ್ಲಲ್ಲದೆ ಒಬ್ಬರೇ ಯಂತ್ರದ ಮುಂದೆ ನಿಲ್ಲಕೂಡದು.

ಮೊದಲ ಅಭ್ಯಾಸಕ್ಕೆ ಎರಡು ಅಂಗುಲ ಚೌಕದ, ಎಂಟು ಅಂಗುಲ ಉದ್ದದ ತುಂಡು ಸಾಕು. ಎರಡೂ ತುದಿಗಳ ಮೇಲೆ ಮೂಲೆಯಿಂದ ಮೂಲೆಗೆ ಗೆರೆ ಎಳೆದರೆ ಅವು ಕೂಡುವಲ್ಲಿ ನಡುಬಿಂದು ಸಿಗುತ್ತದೆ. ಆ ಬಿಂದುಗಳಲ್ಲಿ ತುಂಡನ್ನು ಯಂತ್ರಕ್ಕೆ ಬಿಗಿಯಬೇಕು. ಆಸರೆಯನ್ನು ಮರದ ನಡುವಿನ ಎತ್ತರಕ್ಕೆ ಸರಿಯಾಗಿ, ಮೂಲೆಗೆ ತಾಗದಂತೆ ಹತ್ತಿರ ನಿಲ್ಲಿಸಿ, ಮೋಟಾರು ಹಾಕುವ ಮುನ್ನ ಕೈಯಿಂದ ಒಂದು ಪೂರ್ಣ ಸುತ್ತು ತಿರುಗಿಸಿ ನೋಡಬೇಕು. ಆರಂಭದಲ್ಲಿ ವೇಗ ಕಡಿಮೆ ಇರಲಿ. ನಿಮಿಷಕ್ಕೆ 600ರಿಂದ 800 ಸುತ್ತು ಸಾಕು. ಚೌಕ ತುಂಡು ದುಂಡಾದ ಮೇಲೆ ವೇಗವನ್ನು ಹೆಚ್ಚಿಸಬಹುದು.

ಉಳಿಯನ್ನು ಇಡುವುದರಲ್ಲಿ ಒಂದು ಕ್ರಮವಿದೆ. ಮೊದಲು ಉಳಿ ಆಸರೆಯ ಮೇಲೆ ಕೂರಬೇಕು. ಅನಂತರ ಸಾಣೆ ಹಿಡಿದ ಅದರ ಓರೆಮುಖ ಮರವನ್ನು ಸವರಬೇಕು. ಆಮೇಲೆ ಹಿಡಿಯನ್ನು ಮೆಲ್ಲನೆ ಎತ್ತಿದರೆ ಅಂಚು ತಾನಾಗಿ ಮರವನ್ನು ಹೆರೆಯತೊಡಗುತ್ತದೆ. ಈ ಕ್ರಮ ತಪ್ಪಿ ಅಂಚನ್ನೇ ಮೊದಲು ಚುಚ್ಚಿದರೆ ಉಳಿ ಗಕ್ಕನೆ ಸಿಕ್ಕಿಕೊಳ್ಳುತ್ತದೆ, ಮರ ಹಾಳಾಗುತ್ತದೆ. ಮೊದಲು ಅರೆದುಂಡು ಬಾಯಿಯ ದಪ್ಪ ಉಳಿಯಿಂದ ಚೌಕವನ್ನು ದುಂಡು ಮಾಡುವುದನ್ನಷ್ಟೇ ಕಲಿಯಿರಿ. ಒಂದಲ್ಲ, ಹತ್ತು ತುಂಡು ದುಂಡಾಗಲಿ. ಆಮೇಲೆ ಲಟ್ಟಣಿಗೆ, ಆಮೇಲೆ ಬುಗುರಿ. ಬಟ್ಟಲು, ಹೂದಾನಿಗಳ ಆಸೆ ಹೊಸಬರಿಗೆ ಬೇಡ. ಅಲ್ಲಿ ಮರದ ಎಳೆ ಅಡ್ಡ ಬರುತ್ತದೆ, ಉಳಿಯೂ ಬೇರೆ, ಹಿಡಿತವೂ ಬೇರೆ.

ಈ ವಿದ್ಯೆಯ ಅರ್ಧ ಗುಟ್ಟು ಸಾಣೆಯಲ್ಲಿದೆ. ಹರಿತವಾದ ಉಳಿಯಿಂದ ಮರ ಸುರುಳಿ ಸುರುಳಿಯಾಗಿ ಬಿಚ್ಚಿಕೊಳ್ಳುತ್ತದೆ. ಮೊಂಡಾದ ಉಳಿಯಿಂದ ಹುಡಿ ಉದುರುತ್ತದೆ. ನೆಲದ ಮೇಲೆ ಬಿದ್ದದ್ದನ್ನು ನೋಡಿಯೇ ಉಳಿಯ ಸ್ಥಿತಿಯನ್ನು ಹೇಳಬಹುದು. ಮೊಂಡಾದ ಉಳಿಯನ್ನು ತೋಳ್ಬಲದಿಂದ ಒತ್ತುವವನಿಗೆ ಆಯಾಸವೂ ಅಪಾಯವೂ ಒಟ್ಟಿಗೇ ಬರುತ್ತವೆ. ಕೆಲಸ ನಿಲ್ಲಿಸಿ ಸಾಣೆ ಹಿಡಿಯುವುದನ್ನು ಕಾಲಹರಣವೆಂದು ಭಾವಿಸಬಾರದು. ನಿತ್ಯದ ಶಿವಪೂಜೆಗೆ ಕುಳಿತೇಳುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆಟಿಕೆಗೆ ಬಣ್ಣ ಹಾಕುವ ಬಗೆ ಇನ್ನೂ ಸೊಗಸಾದದ್ದು. ಅರಗು ಒಂದು ಬಗೆಯ ಕೀಟ ಸ್ರವಿಸುವ ವಸ್ತು. ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿದಾಗ ಉಜ್ಜುವಿಕೆಯ ಬಿಸಿಗೆ ಅದು ಕರಗಿ ಮರವನ್ನು ಹಿಡಿಯುತ್ತದೆ. ತಾಳೆಗರಿಯಿಂದ ಸವರಿದರೆ ಸಮನಾಗಿ ಹರಡಿ ಹೊಳಪು ಬರುತ್ತದೆ. ಕುಂಚವಿಲ್ಲ, ಒಣಗಲು ಕಾಯಬೇಕಾಗಿಲ್ಲ. ಆದರೆ ತಿರುಗುತ್ತಿರುವ ಮರಕ್ಕೆ ಬಟ್ಟೆಯನ್ನು ಮಾತ್ರ ಹಿಡಿಯಬಾರದು, ಅದು ಬೆರಳನ್ನೂ ಜೊತೆಗೆ ಎಳೆದುಕೊಳ್ಳುತ್ತದೆ. ಅಡಿಗೆಮನೆಯ ಲಟ್ಟಣಿಗೆಗೆ ಬಣ್ಣವೇ ಬೇಡ, ನುಣುಪಾದ ಬರಿಯ ಮರವೇ ಚೆನ್ನ.

ಇಷ್ಟೆಲ್ಲ ಕಲಿತು ನಾವು ಪಡೆಯುವುದೇನೆಂದು ಕೆಲವರು ಕೇಳಬಹುದು. ಪೇಟೆಯಲ್ಲಿ ಲಟ್ಟಣಿಗೆ ಅಗ್ಗವಾಗಿಯೇ ಸಿಗುತ್ತದೆ, ನಿಜ. ಆದರೆ ಒಂದು ಮಾತನ್ನು ಯೋಚಿಸಿ. ಹೆದ್ದಾರಿಯ ಅಂಗಡಿಯ ಮುಂದೆ ಕಾರು ನಿಲ್ಲಿಸಿ, ಮಗುವಿಗೆಂದು ಆರಿಸಿದ ಬೊಂಬೆಗೆ ಹತ್ತು ರೂಪಾಯಿ ಕಡಿಮೆ ಮಾಡೆಂದು ಹಟ ಹಿಡಿಯುವವರು ನಮ್ಮ ನಡುವೆಯೇ ಇದ್ದಾರೆ. ಪ್ಲಾಸ್ಟಿಕ್ ಆಟಿಕೆಗಳ ಎದುರು ಉಸಿರು ಹಿಡಿದು ನಿಂತಿರುವ ಕುಶಲಿಗೆ ಆ ಹತ್ತು ರೂಪಾಯಿ ಒಂದು ಹೊತ್ತಿನ ಹಾಲಿನ ಬೆಲೆ. ಹತ್ತು ತುಂಡು ಮರವನ್ನು ಹಾಳುಮಾಡಿ ಹನ್ನೊಂದನೆಯದನ್ನು ದುಂಡಾಗಿಸಿದವನು ಹಾಗೆ ಚೌಕಾಸಿ ಮಾಡಲಾರ. ಆ ಬೊಂಬೆಯ ನುಣುಪಿನ ಹಿಂದೆ ಎಷ್ಟು ವರ್ಷಗಳ ಕೈಯಿದೆಯೆಂಬುದನ್ನು ಅವನ ಬೆರಳುಗಳೇ ಬಲ್ಲವು. ಬೇರೊಬ್ಬರ ಕಾಯಕವನ್ನು ಗೌರವಿಸುವ ಬುದ್ಧಿ ಉಪನ್ಯಾಸದಿಂದ ಬರುವುದಕ್ಕಿಂತ ಹೆಚ್ಚಾಗಿ ಹೀಗೆ ಬರುತ್ತದೆ.

ಆದ್ದರಿಂದ ಪಾಲಕರಲ್ಲಿ ನಮ್ಮ ವಿನಂತಿ ಇಷ್ಟೆ. ಬರುವ ರಜೆಯಲ್ಲಿ ಹದಿಹರೆಯದ ಮಗನನ್ನೂ ಮಗಳನ್ನೂ ಬಲ್ಲ ಕುಶಲಿಯೊಬ್ಬರ ಬಳಿ ಕೆಲವು ದಿನ ಕಲಿಯಲು ಬಿಡಿ. ಅವರ ಸಮಯಕ್ಕೆ ತಕ್ಕ ಗೌರವಧನವನ್ನು ಮರೆಯದೆ ಸಲ್ಲಿಸಿ. ನಿವೃತ್ತರಾದ ಹಿರಿಯರೂ ಕಲಿಯಬಹುದು, ಈ ವಿದ್ಯೆಗೆ ವಯಸ್ಸಿನ ತಡೆಯಿಲ್ಲ. ದೊಡ್ಡ ಯಂತ್ರವನ್ನು ಕೊಳ್ಳುವ ವಿಚಾರ ಆಮೇಲೆ ಇರಲಿ, ಮೊದಲು ಕೈ ಪಳಗಲಿ. ಚೆನ್ನಾಗಿ ಮೂಡಿದ ಮೊದಲ ಲಟ್ಟಣಿಗೆ ಮಠದ ದಾಸೋಹದ ಅಡಿಗೆಮನೆಗೆ ಹೋಗಲಿ, ಮೊದಲ ಬುಗುರಿ ನೆರೆಮನೆಯ ಮಗುವಿನ ಕೈ ಸೇರಲಿ. ಕಾಯಕದ ಫಲ ದಾಸೋಹಕ್ಕೆ ಸಂದಾಗಲೇ ಅದಕ್ಕೆ ಸಾರ್ಥಕತೆ.